ಹಸಿರು ಗಾಜಿಗೆ ಹುಳಿ ನೀರು

ಕಪಿಲೆಯ ದಂಡೆಯಲ್ಲಿ, ನೀರಿಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲೇ, ಒಂದು ಹಳೆಯ ಛತ್ರವಿತ್ತು. ಸುತ್ತಲಿನವರು ಅದನ್ನು ಆಶ್ರಮ ಎನ್ನುತ್ತಿದ್ದರು. ಆಶ್ರಮವೆಂದು ನಂಬಿ ಭಜನೆ ಕೇಳಲು ಬಂದವರಿಗೆ ಅಲ್ಲಿ ಕಾಣುತ್ತಿದ್ದದ್ದು ಗಾಜಿನ ತುಂಡುಗಳು, ವೈರುಗಳು ಮತ್ತು ಗಾಯಕ್ಕೆ ಹಚ್ಚುವ ಟಿಂಚರಿನ ಮೂಗಿಗೆ ಹೊಡೆಯುವ ವಾಸನೆ. ಪಾಪ, ಬಂದ ತಪ್ಪಿಗೆ ಒಮ್ಮೆ ಕೈ ಮುಗಿದು ಹೊರಟುಹೋಗುತ್ತಿದ್ದರು.

ಅಲ್ಲಿದ್ದ ಗುರುವಿನ ಹೆಸರು ಭಾಗೀರಥಮ್ಮ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಉಡುತ್ತಿದ್ದದ್ದು ಕಾವಿಯಲ್ಲ, ಆಸಿಡ್ ಸಿಡಿದು ಅಲ್ಲಲ್ಲಿ ತೂತು ಬಿದ್ದ ಹತ್ತಿ ಸೀರೆ. ಕಲಿಯಬೇಕೆಂದು ಬಂದವರಿಗೆ ಊಟ ಹಾಕಿ, ಬಿಸಿಲಿನಿಂದ ಕರೆಂಟು ತೆಗೆಯುವುದನ್ನು ಕಲಿಸುತ್ತಿದ್ದರು.

ಅವರ ವಿದ್ಯೆ ಹೇಳಿದರೆ ಇಷ್ಟೇ. ಎರಡು ಪುಟ್ಟ ಗಾಜು. ಮೊದಲನೆಯದರ ಮೇಲೆ ಬಿಳಿ ಪುಡಿಯ ಲೇಪ; ಆ ಲೇಪಕ್ಕೆ ನೇರಳೆ ಹಣ್ಣಿನದೋ ದಾಸವಾಳದ್ದೋ ಬಣ್ಣ ಕುಡಿಸಬೇಕು. ಬಿಸಿಲು ಬಿದ್ದಾಗ ಆ ಬಣ್ಣದಿಂದ ಕರೆಂಟು ಹೊರಡುತ್ತದೆ. ಹೊರಟದ್ದು ವೈರಿನಲ್ಲಿ ಸುತ್ತಿ ಬಂದಾಗ ಅದನ್ನು ಮತ್ತೆ ಒಳಗೆ ಕರೆದುಕೊಳ್ಳುವುದು ಎರಡನೆಯ ಗಾಜು. ಎರಡರ ನಡುವೆ ಟಿಂಚರಿನಂಥ ಒಂದು ಹನಿ.

ದೊಡ್ಡ ಪ್ರಯೋಗಶಾಲೆಗಳಲ್ಲಿ ಆ ಎರಡನೆಯ ಗಾಜಿಗೆ ಪ್ಲಾಟಿನಂ ಲೇಪಿಸುತ್ತಾರೆ. ಭಾಗೀರಥಮ್ಮನಿಗೆ ಅದು ಸರಿಬರಲಿಲ್ಲ.

"ಪ್ಲಾಟಿನಂ ಬಳಿದ ದೀಪ ಗುಡಿಸಲಿಗೆ ಹೋಗುತ್ತೇನಪ್ಪಾ?" ಎನ್ನುತ್ತಿದ್ದರು.

ಅವರ ಎರಡನೆಯ ಗಾಜಿಗೆ ಪ್ಲಾಟಿನಂ ಬದಲು ಹಸಿರು ಬಣ್ಣದ ಪಾಲಿಮರ್ ಪದರ. ಪ್ಲಾಸ್ಟಿಕ್ಕಿನ ಕುಲದ್ದೇ, ಆದರೆ ಕರೆಂಟು ಹರಿಸಬಲ್ಲದ್ದು. ಔಷಧಿಯನ್ನೂ ಆಸಿಡ್ಡನ್ನೂ ಬೆರೆಸಿದ ತಣ್ಣೀರಿನಲ್ಲಿ ಗಾಜನ್ನು ಇಳಿಬಿಟ್ಟು ತಾಳ್ಮೆಯಿಂದ ಕಾದರೆ ಅದು ತಾನಾಗಿ ಬಂದು ಕೂರುತ್ತಿತ್ತು. ಅಗ್ಗದ ಸಾಮಾನು, ಅಗ್ಗದ ವಿಧಾನ. ಕಾಯುವುದೊಂದೇ ದುಬಾರಿ.

ಇಂಥ ನಾಲ್ಕು ಜೋಡಿಗಳನ್ನು ಸಾಲಾಗಿ ಪೋಣಿಸಿ ಒಂದು ಹಳೆಯ ಕ್ಯಾಲ್ಕುಲೇಟರಿಗೆ ಕಟ್ಟುತ್ತಿದ್ದರು. ಬಿಸಿಲಿಗಿಟ್ಟಾಗ ಅದರ ಪರದೆಯ ಮೇಲೆ ಸೊನ್ನೆ ಮೂಡಿತೆಂದರೆ ಅವತ್ತು ಪಾಯಸ. ಸೊನ್ನೆ ಬಂತೆಂದು ಜನ ಕುಣಿದಾಡುವ ಜಾಗ ಭೂಮಿಯ ಮೇಲೆ ಇನ್ನೊಂದು ಇರಲಾರದು.

ಆ ವರ್ಷ ಶಿಷ್ಯರು ಇಬ್ಬರು. ಒಬ್ಬ ಚೆಲುವರಾಜು, ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು. ವೈರು ಜೋಡಿಸುವುದರಲ್ಲಿ ಎತ್ತಿದ ಕೈ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು.

ಇನ್ನೊಬ್ಬಳು ದಾಕ್ಷಾಯಣಿ. ರಸಾಯನಶಾಸ್ತ್ರದಲ್ಲೇ ಪದವಿ ಮುಗಿಸಿದ ಹುಡುಗಿ. ಅವಳ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಊರಿನಲ್ಲಿ ಎಲ್ಲರೂ "ಮರೆತುಬಿಡಮ್ಮಾ, ಮರೆತುಬಿಡು" ಎಂದು ಹೇಳಿ ಹೇಳಿ ಸಾಕಾಗಿ, ಮರೆಯುವುದಕ್ಕೆಂದೇ ಅವಳು ಇಲ್ಲಿಗೆ ಬಂದಿದ್ದಳು.

ಅವಳಷ್ಟು ಚೊಕ್ಕವಾಗಿ ಕೆಲಸ ಮಾಡುವವರನ್ನು ಭಾಗೀರಥಮ್ಮ ಕಂಡಿರಲಿಲ್ಲ. ತೊಳೆದಿಟ್ಟ ಲೋಟವನ್ನು ಎತ್ತಿಕೊಂಡು ಇನ್ನೊಮ್ಮೆ ತೊಳೆಯುವಳು. ಬಂದಂದಿನಿಂದ ಅವಳಿಗೆ ಬಣ್ಣದ ಕೆಲಸ. ಹಣ್ಣು ಹಿಂಡುವುದು, ಸೋಸುವುದು, ಬಿಳಿ ಲೇಪವನ್ನು ಅದರಲ್ಲಿ ನೆನೆಸುವುದು. ಹಾಗೆ ಕೂತು ಬಣ್ಣ ಏರುವುದನ್ನು ನೋಡುವಾಗ ಅವಳ ಮುಖ ಸ್ವಲ್ಪ ಹಗುರಾಗುತ್ತಿತ್ತು. ಅವಳಿಗೆ ಇಷ್ಟವಾದದ್ದೆಂದು ಲೋಕದಲ್ಲಿ ಉಳಿದಿದ್ದದ್ದು ಈ ಕೆಲಸ ಒಂದೇ.

ಚೆಲುವರಾಜು ಗುರುವನ್ನು ಅಮ್ಮ ಎಂದು ಕರೆಯುತ್ತಿದ್ದ. ಹಾಲು ತರುವವನೂ ಹಾಗೇ ಕರೆಯುತ್ತಿದ್ದ. ದಾಕ್ಷಾಯಣಿ ಮಾತ್ರ ಮೇಡಂ ಎನ್ನುತ್ತಿದ್ದಳು. ಯಾಕೆಂದು ಭಾಗೀರಥಮ್ಮ ಕೇಳಿರಲಿಲ್ಲ.

ಛತ್ರದಲ್ಲಿ ಅಡುಗೆ ಸರದಿಯ ಮೇಲೆ. ದಾಕ್ಷಾಯಣಿಯ ಸರದಿ ಬಂತೆಂದರೆ ಸಾರಿನಲ್ಲಿ ಹುಳಿಯೇ ಇರುತ್ತಿರಲಿಲ್ಲ.

"ಏನಕ್ಕಾ, ಹುಣಸೆಹಣ್ಣಿನ ಮೇಲೆ ಏನಾರಾ ಮುನಿಸಾ?" ಎಂದ ಚೆಲುವರಾಜು, ತಟ್ಟೆಯಲ್ಲಿದ್ದ ಸಪ್ಪೆ ಅನ್ನವನ್ನು ಕಲಸುತ್ತಾ.

"ಮರೆತೆ."

"ಪ್ರತಿ ಸಲಾನೂವಾ?"

"ಸುಮ್ನೆ ಉಣ್ಣೋ," ಎಂದರು ಭಾಗೀರಥಮ್ಮ. "ಅಷ್ಟು ಸಪ್ಪೆ ಅನ್ನಿಸಿದ್ರೆ ಮಜ್ಜಿಗೆ ಹಾಕ್ಕೋ."

ತಾವು ಮಾತ್ರ ಮಜ್ಜಿಗೆ ಹಾಕಿಕೊಳ್ಳದೆ ಆ ಸಾರನ್ನೇ ಉಂಡರು. ಎರಡನೇ ಸಲ ಬಡಿಸಿಕೊಂಡರು ಕೂಡ.

ಒಂದು ಬೆಳಿಗ್ಗೆ ಭಾಗೀರಥಮ್ಮ ಹೊಳೆಯ ಮೆಟ್ಟಿಲಿನ ಮೇಲೆ ಕೂತು ಕಾಲು ನೀರಿಗಿಳಿಬಿಟ್ಟಿದ್ದರು. ದಾಕ್ಷಾಯಣಿ ಬಂದು ಎರಡು ಮೆಟ್ಟಿಲು ಮೇಲೆ ನಿಂತಳು.

"ಮೇಡಂ, ಒಂದು ಮಾತು ಕೇಳ್ಲಾ?"

"ಕೇಳು. ಕೂತ್ಕೊಂಡು ಕೇಳು."

ಅವಳು ಕೂರಲಿಲ್ಲ.

"ಮನಸ್ಸಿನೊಳಗೆ ಒಂದು ವಿಷಯ ಕೂತುಬಿಟ್ಟಿದೆ. ಅದನ್ನ ಪೂರ್ತಿ ತೊಳೆದುಹಾಕೋದು ಹೇಗೆ ಮೇಡಂ?"

"ಪೂರ್ತಿ ಅಂದ್ರೆ ಎಷ್ಟು?"

"ಒಂದು ಚೂರೂ ಉಳೀಬಾರದು. ಅದು ಇರೋವರೆಗೂ ನನ್ನ ಕೈಲಿ ಏನೂ ಆಗಲ್ಲ. ಮೊನ್ನೆ ಎರಡು ಗಾಜು ಒಡೆದೆ. ನೀವು ಏನೂ ಅನ್ನಲಿಲ್ಲ. ನನಗೇ ನಾಚಿಕೆಯಾಯ್ತು. ಅರ್ಧ ಮನಸ್ಸಿಟ್ಟುಕೊಂಡು ನಿಮ್ಮ ಅನ್ನ ತಿನ್ನೋದು ಸರಿ ಅಲ್ಲ. ಇದು ಹೋಗಲಿಲ್ಲ ಅಂದ್ರೆ ನಾನೇ ಊರಿಗೆ ಹೋಗಿಬಿಡ್ತೀನಿ."

ವಿಷಯ ಏನೆಂದು ಭಾಗೀರಥಮ್ಮ ಕೇಳಲಿಲ್ಲ. ಕಾಲನ್ನು ನೀರಿನಿಂದ ತೆಗೆದು, ಸೀರೆಯ ಅಂಚು ಹಿಂಡಿಕೊಂಡರು.

"ನಾಳೆಯಿಂದ ಹಸಿರು ಗಾಜು ನೀನು ಮಾಡು," ಎಂದರು. "ತೊಳೆದಾದ ಮೇಲೆ ಕೊನೇಲಿ ಹುಳಿ ನೀರಲ್ಲಿ ಜಾಲಿಸೋದು ಮರೀಬೇಡ."

"ನಾನು ಕೇಳಿದ್ದು ಬೇರೆ, ಮೇಡಂ."

"ಗೊತ್ತು ಕಣೇ. ಎಬ್ಬಿಸು ಈಗ, ಮಂಡಿ ಹಿಡ್ಕೊಂಡಿದೆ."

ಹುಳಿ ನೀರೆಂದರೆ ಬೇರೇನಲ್ಲ, ನೀರಿಗೆ ಒಂದಿಷ್ಟು ಹನಿ ಆಸಿಡ್. ಒಂದು ಪಿಂಗಾಣಿ ತಟ್ಟೆಯಲ್ಲಿ ಅದು ಯಾವಾಗಲೂ ಕಿಟಕಿಯ ಪಕ್ಕ ಇರುತ್ತಿತ್ತು. ಹಸಿರು ಗಾಜನ್ನು ಎಷ್ಟೇ ತೊಳೆದಿರಲಿ, ಕಡೆಗೆ ಅದರಲ್ಲಿ ಅದ್ದಿಯೇ ಒಣಗಿಸಬೇಕು. ಅದು ಅಲ್ಲಿಯ ಪದ್ಧತಿ.

ಮಾರನೆಯ ದಿನ ದಾಕ್ಷಾಯಣಿ ಒಬ್ಬಳೇ ಕೂತು ಗಾಜು ಇಳಿಬಿಟ್ಟಳು. ತಣ್ಣೀರು ಮೆಲ್ಲಗೆ ಬಣ್ಣ ತಿರುಗಿತು. ಗಾಜನ್ನು ಎತ್ತಿ ನೋಡಿದರೆ ಎಳೆ ಬಾಳೆಯೆಲೆಯ ಹಸಿರು. ಅವಳಿಗೆ ಸಂತೋಷವಾಯಿತು.

ತೊಳೆಯಲು ತೊಡಗಿದಳು. ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದ ಒಂದು ನಿಯಮ ಅವಳ ಕೈಬೆರಳಿಗೇ ಹತ್ತಿಬಿಟ್ಟಿತ್ತು. ಯಾವುದೇ ವಸ್ತು ತಯಾರಿಸಿದರೂ, ತೊಳೆದ ನೀರಿನಲ್ಲಿ ಆಸಿಡ್ಡಿನ ಸುಳಿವು ಇಲ್ಲವಾಗುವವರೆಗೆ ತೊಳೆಯಬೇಕು. ನೀಲಿ ಲಿಟ್ಮಸ್ ಕಾಗದ ಅದ್ದಿ ನೋಡಿದಳು. ಕೆಂಪಾಯಿತು. ಇನ್ನೊಮ್ಮೆ ತೊಳೆದಳು. ಮತ್ತೆ ಕೆಂಪು.

ಮಧ್ಯಾಹ್ನದ ಊಟಕ್ಕೆ ಕರೆದರೂ ಅವಳು ಏಳಲಿಲ್ಲ. ಎಷ್ಟು ತೊಳೆದರೂ ಆ ಪದರದೊಳಗಿಂದ ಹುಳಿ ಒಸರುತ್ತಲೇ ಇತ್ತು. ಒಳಗೆ ಇನ್ನೂ ಎಷ್ಟಿದೆಯೋ ಎಂದು ಅವಳಿಗೆ ರೋಸಿಹೋಯಿತು. ಕೊನೆಗೆ ಬಟ್ಟೆ ತೊಳೆಯುವ ಸೋಡಾ ಒಂದು ಚಿಟಿಕೆ ನೀರಿಗೆ ಹಾಕಿ, ಗಾಜನ್ನು ಅದರಲ್ಲಿ ಮುಳುಗಿಸಿದಳು.

ಅವಳ ಕಣ್ಣೆದುರಿಗೇ ಹಸಿರು ನೀಲಿಯಾಯಿತು. ಕಡು ನೀಲಿ, ಎಲ್ಲೂ ಒಂದು ಮಚ್ಚೆಯಿಲ್ಲ. ಶುದ್ಧ ನೀರಿನಲ್ಲಿ ಜಾಲಿಸಿ ಕಾಗದ ಅದ್ದಿದಳು. ಕಾಗದ ನೀಲಿಯಾಗಿಯೇ ಉಳಿಯಿತು.

ಎಷ್ಟೋ ದಿನಗಳ ಮೇಲೆ ಅವಳು ತುಂಬು ಉಸಿರು ಬಿಟ್ಟಳು. ಹುಳಿ ನೀರಿನ ತಟ್ಟೆ ಕಿಟಕಿಯ ಬಳಿಯೇ ಇತ್ತು. ಇಷ್ಟು ಒದ್ದಾಡಿ ತೆಗೆದದ್ದನ್ನು ಮತ್ತೆ ಅದರಲ್ಲೇ ಅದ್ದುವುದೇ? ಮೇಡಂಗೆ ವಯಸ್ಸಾಯಿತು, ಇದು ಯಾವುದೋ ಕಾಲದ ರೂಢಿ ಇರಬೇಕು ಎಂದುಕೊಂಡಳು. ತಟ್ಟೆಯನ್ನು ಮುಟ್ಟಲಿಲ್ಲ.

"ನೋಡಿ ಮೇಡಂ. ಒಂದು ಚೂರೂ ಉಳಿದಿಲ್ಲ."

ಭಾಗೀರಥಮ್ಮ ಗಾಜನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಮುಖವನ್ನೂ ಅಷ್ಟೇ ಹೊತ್ತು ನೋಡಿದರು.

"ಚೆಂದ ಇದೆ," ಎಂದರು. "ಜೋಡಿಸಿ."

"ಅಮ್ಮಾ, ನಮ್ದು ಹಸುರಲ್ವರಾ?" ಎಂದು ಚೆಲುವರಾಜು ಬಾಯಿ ತೆರೆದ.

"ನೀನು ಜೋಡಿಸೋ ಮಾರಾಯ."

ಮೂರು ಹಳೆಯ ಜೋಡಿ, ನಾಲ್ಕನೆಯದು ದಾಕ್ಷಾಯಣಿಯದು. ಹನಿ ಹಾಕಿ, ಗಾಜಿಗೆ ಗಾಜು ಕೂಡಿಸಿ, ಕ್ಲಿಪ್ಪು ಹಾಕಿ, ಬಿಸಿಲಿಗಿಟ್ಟರು. ಮೂವರೂ ಕ್ಯಾಲ್ಕುಲೇಟರಿನ ಮೇಲೆ ಬಾಗಿದರು.

ಪರದೆ ಖಾಲಿ.

ಚೆಲುವರಾಜು ವೈರುಗಳನ್ನು ಬಿಚ್ಚಿ ಕಟ್ಟಿದ. ಕ್ಲಿಪ್ಪುಗಳನ್ನು ಒತ್ತಿದ. ಕ್ಯಾಲ್ಕುಲೇಟರಿಗೆ ಎರಡು ಏಟೂ ಕೊಟ್ಟ. ಆಮೇಲೆ ಮೀಟರು ತಂದು ಒಂದೊಂದೇ ಜೋಡಿಗೆ ಹಿಡಿದ. ಮೊದಲ ಮೂರಕ್ಕೆ ಮುಳ್ಳು ಎದ್ದಿತು. ನಾಲ್ಕನೆಯದಕ್ಕೆ ಮಿಸುಕಲಿಲ್ಲ. ಅದೊಂದು ದಾರಿ ಬಿಡದೆ ನಿಂತದ್ದಕ್ಕೆ ಉಳಿದ ಮೂರೂ ಸುಮ್ಮನೆ ನಿಂತಿದ್ದವು.

"ಅಕ್ಕಾ, ನಿಂದಕ್ಕೆ ಉಸುರೇ ಇಲ್ಲ ಕಣಕ್ಕಾ," ಎಂದ. ಅಂದ ಮೇಲೆ ಅವಳ ಮುಖ ನೋಡಿ, ಅನ್ನಬಾರದಿತ್ತು ಎಂದು ತಲೆ ಕೆರೆದುಕೊಂಡ.

ದಾಕ್ಷಾಯಣಿ ಒಳಗೆ ಹೋದಳು. ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

ಒಂದು ಗಾಜು ಕೆಟ್ಟದ್ದಕ್ಕೆ ಯಾರಾದರೂ ಗಂಟುಮೂಟೆ ಕಟ್ಟುತ್ತಾರೆಯೇ? ಬೆಳಗಿನಿಂದ ಊಟ ಬಿಟ್ಟು ತೊಳೆದದ್ದು ಗಾಜನ್ನು ಮಾತ್ರ ಆಗಿದ್ದರೆ ಅವಳೂ ಕಟ್ಟುತ್ತಿರಲಿಲ್ಲ.

ಚೀಲ ಹೆಗಲಿಗೇರಿಸಿ ಹೊರಬಂದಾಗ ಅಡುಗೆಮನೆಯ ಬಾಗಿಲಲ್ಲಿ ಭಾಗೀರಥಮ್ಮ ನಿಂತಿದ್ದರು.

"ಐದು ಗಂಟೆ ಬಸ್ಸಾ?"

"ಹೂಂ ಮೇಡಂ."

"ಇನ್ನೂ ಟೈಮಿದೆ. ಆ ಗಾಜು ಸರಿ ಮಾಡಿಕೊಟ್ಟು ಹೋಗು."

"ಅದು ಸತ್ತುಹೋಗಿದೆ, ಮೇಡಂ."

"ಸತ್ತಿಲ್ಲ. ಸಪ್ಪೆಯಾಗಿದೆ ಅಷ್ಟೇ. ಹುಳಿ ನೀರು ಬೇಕು ಅದಕ್ಕೆ."

"ತಟ್ಟೆ ತರ್ತೀನಿ."

"ತಟ್ಟೇಲಿದ್ದದ್ದು ಚೆಲ್ಲಿಹೋಯ್ತು. ಆಸಿಡ್ ಬಾಟ್ಲಿನೂ ಮುಗಿದಿದೆ. ಹುಣಸೆಹಣ್ಣು ನೆನೆಹಾಕು."

ದಾಕ್ಷಾಯಣಿ ನಿಂತಲ್ಲೇ ನಿಂತಳು.

"ಹುಣಸೆಹಣ್ಣಾ?"

"ಹೂಂ. ಜಾಡಿ ಎಲ್ಲಿದೆ ಅಂತ ಗೊತ್ತಿಲ್ವಾ?"

ಗೊತ್ತಿತ್ತು. ಮೇಲಿನ ಗೂಡಿನಲ್ಲಿ, ಉಪ್ಪಿನ ಪಕ್ಕ. ಬಂದಂದಿನಿಂದ ಅವಳು ಅದರ ಮುಚ್ಚಳ ತೆಗೆದಿರಲಿಲ್ಲ.

ಚೀಲ ಕೆಳಗಿಟ್ಟಳು. ಜಾಡಿ ಇಳಿಸಿದಳು. ಮುಚ್ಚಳ ತೆಗೆದೊಡನೆ ಹಳೇ ಹುಣಸೆಯ ವಾಸನೆ ಮುಖಕ್ಕೆ ಬಂತು. ಉಪ್ಪು ಬೆರೆಸಿ ಒತ್ತಿಟ್ಟ, ಕಪ್ಪು ತಿರುಗಿದ ಹಣ್ಣು. ಅವರ ಮನೆಯಲ್ಲಿ ಇರುತ್ತಿದ್ದಂಥದೇ.

ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಎದುರಿಗೆ ಕೂತಳು. ಹಣ್ಣು ಮೆತ್ತಗಾದ ಮೇಲೆ ಕೈ ಹಾಕಿ ಕಿವುಚಿದಳು. ಹೆಬ್ಬೆರಳು ತಾನಾಗಿ ನಾರು ಸರಿಸಿತು, ಬೀಜ ಬಿಡಿಸಿತು. ಯಾರೂ ಹೇಳಿಕೊಡಬೇಕಾಗಲಿಲ್ಲ. ಹೇಳಿಕೊಟ್ಟವಳು ಹೇಳಿಕೊಟ್ಟು ಎಷ್ಟೋ ವರ್ಷವಾಗಿತ್ತು.

ಭಾಗೀರಥಮ್ಮ ಮಣೆ ಎಳೆದುಕೊಂಡು ಅವಳ ಎದುರಿಗೆ ಕೂತರು. ಬಟ್ಟಲಿನ ಬಾಯಿಗೆ ಸೋಸುವ ಬಟ್ಟೆ ಹಿಡಿದರು.

ದಾಕ್ಷಾಯಣಿಯ ಕಣ್ಣೀರು ಹನಿಹನಿಯಾಗಿ ಮುಂಗೈಯ ಮೇಲೆ ಬಿತ್ತು.

"ಅಮ್ಮ ಕೇಳಿದ್ಲು, ಮೇಡಂ," ಎಂದಳು. "ಆಸ್ಪತ್ರೇಲಿ. ನಾಲಿಗೆ ಸತ್ತುಹೋಗಿದೆ ಕಣೇ ದಾಕ್ಷಿ, ಒಂದು ಚೂರು ಗೊಜ್ಜು ನಾಲಿಗೆಗೆ ಹಚ್ಚೇ ಅಂದ್ಲು."

ಭಾಗೀರಥಮ್ಮ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಉಪ್ಪು, ಹುಳಿ ಮುಟ್ಟಿಸಲೇಬೇಡಿ ಅಂದಿದ್ರು ಡಾಕ್ಟ್ರು. ನಾನು ಬೈದೆ. ವಾಸಿಯಾಗಲಿ, ಆಮೇಲೆ ಲೋಟಗಟ್ಟಲೆ ಕುಡಿಯುವಂತೆ, ಈಗ ಸುಮ್ಮನೆ ಮಲಕ್ಕೋ ಅಂತ ಬೈದೆ." ಅವಳ ಕೈ ಹುಣಸೆಯೊಳಗೆ ನಿಂತುಹೋಯಿತು. "ಸುಮ್ಮನೆ ಮಲಕ್ಕೊಂಡ್ಲು ಮೇಡಂ. ಮತ್ತೆ ಕೇಳಲೇ ಇಲ್ಲ."

ಹೊರಗೆ ಚೆಲುವರಾಜು ಏನನ್ನೋ ಬೀಳಿಸಿದ ಸದ್ದಾಯಿತು. ಒಳಗೆ ಬರುವಷ್ಟು ದಡ್ಡ ಅವನಾಗಿರಲಿಲ್ಲ.

ನಿನ್ನ ತಪ್ಪಲ್ಲ ಎಂದು ಭಾಗೀರಥಮ್ಮ ಹೇಳಲಿಲ್ಲ. ಮರೆತುಬಿಡು ಎಂದೂ ಹೇಳಲಿಲ್ಲ. ಅವಳ ಎರಡು ಕೈಯೂ ಹುಣಸೆಯಲ್ಲಿದ್ದವಲ್ಲ, ತಮ್ಮ ಸೆರಗಿನ ತುದಿಯಿಂದ ಅವಳ ಕೆನ್ನೆ ಒರೆಸಿದರು. ಇನ್ನೊಂದು ಕೆನ್ನೆಯನ್ನೂ ಒರೆಸಿದರು.

"ಕಿವುಚು," ಎಂದರು. "ಇನ್ನೂ ತೆಳ್ಳಗಿದೆ ನೀರು."

ಅವಳು ಕಿವುಚಿದಳು. ಅಳುತ್ತಲೇ ಕಿವುಚಿದಳು. ರಸ ಗಟ್ಟಿಯಾಯಿತು. ಬಟ್ಟೆಯ ಮೇಲೆ ಸುರಿದು, ಹಿಂಡಿ, ಬಟ್ಟಲು ತುಂಬ ಸೋಸಿದರು. ಅದರಲ್ಲಿ ಸ್ವಲ್ಪವನ್ನು ಪಿಂಗಾಣಿ ತಟ್ಟೆಗೆ ಬಗ್ಗಿಸಿ, ನೀರು ಬೆರೆಸಿ, ಇನ್ನೊಮ್ಮೆ ತಿಳಿಯಾಗಿ ಸೋಸಿಕೊಂಡರು. ಮಿಕ್ಕದ್ದು ಒಲೆಯ ಪಕ್ಕದಲ್ಲೇ ಉಳಿಯಿತು.

"ನೀನೇ ಅದ್ದು."

ದಾಕ್ಷಾಯಣಿ ನೀಲಿ ಗಾಜನ್ನು ತಟ್ಟೆಯೊಳಗೆ ಇಳಿಸಿದಳು.

ಮೊದಲು ಏನೂ ಆಗಲಿಲ್ಲ. ಅವಳು ಉಸಿರು ಹಿಡಿದು ನೋಡುತ್ತಿದ್ದಳು. ಆಮೇಲೆ ಒಂದು ಅಂಚಿನಲ್ಲಿ ನೀಲಿ ಸಡಿಲವಾಯಿತು. ಸಡಿಲವಾದಲ್ಲಿ ಹಸಿರು ಕಾಣಿಸಿತು. ಅಂಚಿನಿಂದ ನಡುವಿಗೆ, ಅವಸರವಿಲ್ಲದೆ, ಹಸಿರು ನಡೆದು ಬಂತು.

"ಎಲ್ಲಿಂದ ಬಂತು ಇದು?" ಎಂದಳು, ಮೂಗು ಒರೆಸಿಕೊಳ್ಳುವುದನ್ನೂ ಮರೆತು.

"ಎಲ್ಲಿಗೂ ಹೋಗಿರಲಿಲ್ಲ. ಆ ಪದರದೊಳಗೆ ಹುಳಿ ಹಿಡಿದುಕೊಳ್ಳೋ ಜಾಗ ಇರುತ್ತೆ. ಅಲ್ಲಿ ಹುಳಿ ಕೂತಿದ್ದರೇನೇ ಕರೆಂಟಿಗೆ ದಾರಿ. ನೀನು ಅದನ್ನ ಕೊಳೆ ಅಂದ್ಕೊಂಡು ತೊಳೆದುಬಿಟ್ಟೆ."

"ಮೊದಲೇ ಹೇಳಬಹುದಿತ್ತಲ್ಲ ಮೇಡಂ."

"ಹುಳಿ ನೀರಲ್ಲಿ ಜಾಲಿಸು ಅಂತ ಹೇಳಿದ್ನಲ್ಲ."

"ಯಾಕೆ ಅಂತ ಹೇಳಲಿಲ್ಲ."

"ಯಾಕೆ ಅಂತ ನೀನು ಕೇಳಲಿಲ್ಲ. ಮುದುಕಿಗೆ ಅರಳುಮರಳು ಅಂದ್ಕೊಂಡಿರ್ತೀಯ."

ದಾಕ್ಷಾಯಣಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಸಿಕ್ಕಿಬಿದ್ದವರ ನಗು.

ಬಿಸಿಲು ಇಳಿಯುತ್ತಿತ್ತು. ಚೆಲುವರಾಜು ಓಡಿಬಂದು ಗಾಜುಗಳನ್ನು ಕೂಡಿಸಿ, ಹೊಳೆಯ ಮೆಟ್ಟಿಲಿನ ಮೇಲೆ, ಇನ್ನೂ ಬಿಸಿಲು ಬೀಳುತ್ತಿದ್ದ ಕಡೆ ಹಿಡಿದ. ಮೂರು ತಲೆಗಳು ಮತ್ತೆ ಕ್ಯಾಲ್ಕುಲೇಟರಿನ ಮೇಲೆ ಬಾಗಿದವು.

"ಹುಣಸೆ ಆಸಿಡ್ಡಿನಷ್ಟು ಜೋರಲ್ಲ," ಎಂದರು ಭಾಗೀರಥಮ್ಮ. "ಬರದಿದ್ರೂ ಬೇಜಾರು ಮಾಡ್ಕೋಬೇಡಿ."

ಪರದೆಯ ಮೂಲೆಯಲ್ಲಿ ಏನೋ ಮಬ್ಬಾಗಿ ಕಂಡಿತು. ಮಾಯವಾಯಿತು. ಮತ್ತೆ ಕಂಡಿತು. ಈ ಸಲ ಹೋಗಲಿಲ್ಲ.

"ಸೊನ್ನೆ!" ಎಂದು ಚೆಲುವರಾಜು ಕೂಗಿಕೊಂಡ. "ಸೊನ್ನೆ ಬಂತು ಕಣಕ್ಕೋ! ನಿಂದೂ ಉಸುರಾಡ್ತಾ ಅದೆ!"

ಕುಣಿಯಲು ಹೋಗಿ ಮೆಟ್ಟಿಲು ಜಾರಿ, ಒಂದು ಕಾಲು ಹೊಳೆಯಲ್ಲಿಟ್ಟು ನಿಂತ. ಕೈಯಲ್ಲಿದ್ದ ಗಾಜುಗಳನ್ನು ಮಾತ್ರ ಮೇಲಕ್ಕೆತ್ತಿ ಹಿಡಿದಿದ್ದ.

ದಾಕ್ಷಾಯಣಿ ಆ ಸೊನ್ನೆಯನ್ನೇ ನೋಡುತ್ತಾ ನಿಂತಳು. ಎದೆಯಲ್ಲಿದ್ದದ್ದು ಎದೆಯಲ್ಲೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೂ ಚೆಲುವರಾಜು ಎತ್ತಿ ಹಿಡಿದಿದ್ದ ಗಾಜುಗಳನ್ನು ಅವಳು ಒಂದನ್ನೂ ಬೀಳಿಸದೆ ಇಳಿಸಿಕೊಂಡಳು.

ತಟ್ಟೆ ತೊಳೆದಿಡಲು ಅವಳು ಒಳಗೆ ಹೋದಳು. ಸೋಡಾ ಡಬ್ಬಿಯನ್ನು ಅದರ ಜಾಗಕ್ಕೆ ಸರಿಸುವಾಗ ಹಿಂದೆ ಆಸಿಡ್ ಬಾಟಲಿ ಕಂಡಿತು. ಮುಕ್ಕಾಲು ತುಂಬಿತ್ತು.

"ಮೇಡಂ, ಆಸಿಡ್ ಇದೆಯಲ್ಲ ಇಲ್ಲಿ?"

"ಇದ್ಯಾ?" ಭಾಗೀರಥಮ್ಮ ಬಾಗಿಲಿಗೆ ಬಂದು ಇಣುಕಿದರು. "ಕಣ್ಣಿಗೇ ಬೀಳಲಿಲ್ಲ ನೋಡು."

ದೂರದಲ್ಲಿ, ಸೇತುವೆಯ ಕಡೆಯಿಂದ, ಐದು ಗಂಟೆಯ ಬಸ್ಸಿನ ಹಾರ್ನ್ ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ಅವಳ ಚೀಲ ಇನ್ನೂ ಹಾಗೇ ಕೂತಿತ್ತು. ಅವಳು ಚೀಲದ ಕಡೆ ನೋಡಿದಳು. ಆಮೇಲೆ ಗುರುವಿನ ಕಡೆ ನೋಡಿದಳು. ಹಾರ್ನಿನ ಸದ್ದು ಸೇತುವೆ ದಾಟಿ ಸಣ್ಣದಾಯಿತು.

ಭಾಗೀರಥಮ್ಮ ಚೀಲವನ್ನು ಕಾಲಿನಿಂದ ಒಂದು ಪಕ್ಕಕ್ಕೆ ಸರಿಸಿ ಒಳಗೆ ಬಂದರು. ಒಲೆಯ ಬಳಿ ಉಳಿದಿದ್ದ ಹುಣಸೆ ರಸದ ಬಟ್ಟಲನ್ನು ಎತ್ತಿ, ಅವಳ ಮುಂದೆ ಹಿಡಿದರು.

"ನಿಮ್ಮಮ್ಮನ ಗೊಜ್ಜಿಗೆ ಇಷ್ಟು ಹುಳಿ ಸಾಕಾಗುತ್ತಾ, ಇಲ್ಲಾ ಇನ್ನೊಂದು ಚೂರು ನೆನೆಹಾಕ್ಬೇಕಾ?"